ಡಬ್ಬಿ ಹೇಳಿದ್ದು, ಮೇಸ್ತ್ರಿ ಕೇಳಿದ್ದು

ಗ್ಯಾರೇಜ್ ಇಟ್ಟವನು ನಗುವುದಕ್ಕೆ ಅಂತ ಎಲ್ಲಿಗೂ ಹೋಗಬೇಕಾಗಿಲ್ಲ. ಬೆಳಿಗ್ಗೆ ಷಟರ್ ಎತ್ತಿ ಕೂತರೆ ಸಾಕು, ನಗು ತಾನೇ ಗಾಡಿ ಹತ್ತಿಕೊಂಡು ಬರುತ್ತದೆ. ಕೆಲವು ದಿನ ಗಾಡಿಯನ್ನು ತಳ್ಳಿಕೊಂಡೂ ಬರುತ್ತದೆ. ಅದರಲ್ಲೂ ಅರಸೀಕೆರೆಯ ನಮ್ಮ ರಸ್ತೆಯಲ್ಲಿ ಮೊದಲು ಸ್ಕ್ಯಾನರ್ ತಂದಿಟ್ಟವನು ನಾನು ಅಂದಮೇಲೆ ಕೇಳಬೇಕೆ?

ಎರಡು ಸಾವಿರ ಇಸವಿ ದಾಟಿ ಕೆಲವು ವರ್ಷ ಆಗಿತ್ತು. ಪೆಟ್ರೋಲ್ ಕಾರುಗಳಲ್ಲಿ ಕಾರ್ಬೊರೇಟರ್ ಹೋಗಿ ಕಂಪ್ಯೂಟರ್ ಬಂದಿತ್ತು. ಇಂಜಿನ್ನಿಗೆ ಏನಾದರೂ ಆದರೆ ಆ ಕಂಪ್ಯೂಟರು ಒಂದು ಅಕ್ಷರ, ನಾಲ್ಕು ಅಂಕಿಯ ಕೋಡ್ ಬರೆದಿಟ್ಟುಕೊಂಡು ಡ್ರೈವರ್ ಮುಂದೆ ಹಳದಿ ದೀಪ ಹಚ್ಚುತ್ತದೆ. ಸ್ಟೇರಿಂಗ್ ಕೆಳಗೆ ಒಂದು ಸಾಕೆಟ್ ಇರುತ್ತದೆ. ಅದಕ್ಕೆ ನನ್ನ ಸ್ಕ್ಯಾನರ್ ಸಿಕ್ಕಿಸಿದರೆ ಆ ಕೋಡ್ ಓದಬಹುದು. ವಿದ್ಯೆ ಇಷ್ಟೇ. ಆದರೆ ಓದಿದ ಮೇಲೆ ತಲೆ ಓಡಿಸಬೇಕು, ಅದು ನನಗಿತ್ತು. ಜಂಬ ಅಂತ ಬೇಕಾದರೆ ಅಂದುಕೊಳ್ಳಿ.

ನನ್ನ ಗ್ಯಾರೇಜಿನ ಎದುರು ಬದಿಗೇ ನನಗೆ ಕೆಲಸ ಕಲಿಸಿದ ಮೇಸ್ತ್ರಿಯ ಗ್ಯಾರೇಜ್. ಅವರ ಕೈಕೆಳಗೆ ಹನ್ನೊಂದು ವರ್ಷ ಇದ್ದೆ. ಅವರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಇಟ್ಟು, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಂತರೆ ಮುಗಿಯಿತು. ಯಾವ ವಾಲ್ವ್, ಯಾವ ಬೇರಿಂಗ್ ಅಂತ ಹೇಳಿಬಿಡುತ್ತಿದ್ದರು. ಆ ಕಿವಿಗೆ ಸುಳ್ಳು ಹೇಳಿದ ಇಂಜಿನ್ ನಾನು ಕಂಡಿಲ್ಲ.

ಸ್ಕ್ಯಾನರ್ ತಂದ ದಿನ ಎಲೆ ಅಡಿಕೆ, ಬಾಳೆಹಣ್ಣಿನ ಜೊತೆ ಡಬ್ಬಿಯನ್ನೂ ತಟ್ಟೆಯಲ್ಲಿಟ್ಟುಕೊಂಡು ಅವರ ಆಶೀರ್ವಾದಕ್ಕೆ ಹೋದೆ. ಹಿಂದೆ ಮುಂದೆ ತಿರುಗಿಸಿ ನೋಡಿ, "ಇದಕ್ಕೆ ಕಿವಿ ಎಲ್ಲೈತ್ಲಾ?" ಅಂತ ಕೇಳಿದರು. ಕಿವಿ ಇಲ್ಲ ಮೇಸ್ತ್ರಿ ಅಂದೆ. "ಹಂಗಾದ್ರೆ ತಗೊಂಡೋಗು" ಅಂದರು. ಬಾಳೆಹಣ್ಣು ಮಾತ್ರ ಇಟ್ಟುಕೊಂಡರು.

ಅವತ್ತಿನಿಂದ ಮಾತು ಬಂದ್. ಹೇಳಬೇಕಾದ್ದೇನಾದರೂ ಇದ್ದರೆ ಇಬ್ಬರ ನಡುವಿನ ಟೀ ಅಂಗಡಿಯವರ ಮೂಲಕ ಹೇಳಿ ಕಳಿಸುತ್ತಿದ್ದರು. ಟೀ ಜೊತೆಗೆ ಒಂದು ಚುಚ್ಚು ಮಾತೂ ಬರುತ್ತಿತ್ತು. ಊರಿನವರು ಒಪ್ಪಿದರು, ಹಾಸನದಿಂದಲೂ ಗಿರಾಕಿ ಬಂದರು. ಆದರೆ ನಿಜ ಹೇಳುತ್ತೇನೆ, ಆ ಮನುಷ್ಯ ಒಂದು ಸಲ ನನ್ನ ಡಬ್ಬಿಯನ್ನು ಒಪ್ಪಿಕೊಳ್ಳಲಿ ಅನ್ನುವುದು ಬಿಟ್ಟರೆ ನನಗೆ ಬೇರೆ ಆಸೆ ಇರಲಿಲ್ಲ. ಕೈ ಹಿಡಿದು ಕಲಿಸಿದವರು ಮುಖ ತಿರುಗಿಸಿಕೊಂಡರೆ ಎಷ್ಟು ಗಿರಾಕಿ ಬಂದರೂ ಹೊಟ್ಟೆ ತುಂಬುವುದಿಲ್ಲ.

ಬಾಯಿ ಬಿಡದ ಗಿರಾಕಿ

ಮೊದಲ ವಾರವೇ ಬಾಣಾವರದ ಕಡೆಯ ಒಬ್ಬರು ಕೊಬ್ಬರಿ ವ್ಯಾಪಾರಿ ಬಂದರು. ಕಾರು ನಿಲ್ಲಿಸಿ ಸ್ಟೂಲಿನ ಮೇಲೆ ಕೂತು ಕೈ ಕಟ್ಟಿಕೊಂಡರು. ಏನು ತೊಂದರೆ ಅಂತ ಕೇಳಿದೆ. ಉತ್ತರ ಇಲ್ಲ. ಸ್ಟಾರ್ಟಿಂಗ್ ತೊಂದರೆಯಾ, ಎಳೆಯುತ್ತಿಲ್ಲವಾ ಅಂತ ಮತ್ತೆ ಕೇಳಿದೆ. ಡಬ್ಬಿಯ ಕಡೆಗೆ ಗದ್ದ ತೋರಿಸಿ, ಅದೇ ಹೇಳಲಿ ಅಂತ ಸನ್ನೆ ಮಾಡಿದರು.

ನಮ್ಮ ಕಡೆ ಶಾಸ್ತ್ರ ಕೇಳಲು ಹೋಗುವವರ ಕ್ರಮವೇ ಇದು. ಹೊಸ ಜೋಯಿಸರ ಹತ್ತಿರ ಹೋದರೆ ಏನು ಕಷ್ಟ ಅಂತ ಬಾಯಿ ಬಿಡುವುದಿಲ್ಲ. ನಿಜವಾದ ಜೋಯಿಸನಾದರೆ ತಾನೇ ಹೇಳುತ್ತಾನೆ ಅಂತ ಪರೀಕ್ಷೆ. ವ್ಯಾಪಾರಿ ನನ್ನನ್ನೂ ಅದೇ ಸಾಲಿಗೆ ಸೇರಿಸಿದ್ದರು. ಆಗಲಿ, ಪರೀಕ್ಷೆಗೆ ಹೆದರುವವನು ನಾನಲ್ಲ. ಸ್ಕ್ಯಾನರ್ ಸಿಕ್ಕಿಸಿದೆ. ಒಂದು ಕೋಡೂ ಇಲ್ಲ. ಇಂಜಿನ್ ಓಡಿಸಿ ನೋಡಿದೆ, ಗಾಳಿ, ಪೆಟ್ರೋಲು, ಬಿಸಿ ಎಲ್ಲದರ ಲೆಕ್ಕವೂ ಸರಿಯಾಗಿತ್ತು. ಹತ್ತು ಜನ ನೋಡುತ್ತಿದ್ದರು, ಎದುರುಗಡೆ ಮೇಸ್ತ್ರಿಯೂ ಕೈ ಒರೆಸಿಕೊಳ್ಳುತ್ತಾ ನಿಂತಿದ್ದರು. ನಾನು ಧೈರ್ಯವಾಗಿ, ನಿಮ್ಮ ಗಾಡಿಗೆ ಯಾವ ಕಾಯಿಲೆಯೂ ಇಲ್ಲ, ಬಂಗಾರದಂಥ ಗಾಡಿ ಅಂತ ಘೋಷಿಸಿಬಿಟ್ಟೆ.

ವ್ಯಾಪಾರಿ ಎದ್ದು ನಿಂತರು. ಬಾಯಿ ತೆರೆದರೆ ಧ್ವನಿಯೇ ಇಲ್ಲ, ಬರೀ ಗೊರಗೊರ. ಹತ್ತಿರ ಹೋಗಿ ಕಿವಿಗೊಟ್ಟು ಕೇಳಬೇಕಾಯಿತು.

"ಹಾರ್ನ್ ಕೆಟ್ಟೈತೆ ಸಾಮಿ. ಬಾಣಾವರದಿಂದ ಕಿಟಕೀಲಿ ತಲೆ ಹೊರಗಿಟ್ಕಂಡು ಕೂಗ್ಕಂಡೇ ಬಂದಿವ್ನಿ."

ಹಾರ್ನ್ ಕೆಟ್ಟರೆ ಇಂಜಿನ್ ಕಂಪ್ಯೂಟರಿಗೆ ಏನು ಗೊತ್ತಾಗಬೇಕು? ಅದನ್ನು ವಿವರಿಸುವ ಹೊತ್ತಿಗೆ ಟೀ ಬಂತು. ಟೀ ಅಂಗಡಿಯವರು ಲೋಟ ಇಟ್ಟು, ಗಂಟಲು ಸರಿಮಾಡಿಕೊಂಡು, ಎದುರುಗಡೆಯಿಂದ ಬಂದ ಸಂದೇಶ ಒಪ್ಪಿಸಿದರು: ಕಿವಿ ಇದ್ದಿದ್ದರೆ ಗಾಡಿ ನೋಡೋದಕ್ಕೆ ಮುಂಚೆ ಗಿರಾಕಿ ಗಂಟಲು ಕೇಳೇ ಗೊತ್ತಾಗ್ತಿತ್ತಂತೆ.

ತಂಪು

ಒಂದು ಬೇಸಿಗೆ ಮಧ್ಯಾಹ್ನ ತೋಟದ ಯಜಮಾನರೊಬ್ಬರು ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಬಂದರು. ಕಾರು ಬಿಸಿಯಾಗಿ ಹತ್ತು ಮೈಲಿಗೊಮ್ಮೆ ನಿಲ್ಲುತ್ತಿದೆ ಅಂದರು. ಸ್ಕ್ಯಾನರ್ ಸಿಕ್ಕಿಸಿದೆ. ಕೋಡ್ ಓದಿದರೆ ಇಂಜಿನ್ ಅತಿಯಾಗಿ ಬಿಸಿಯಾಗುತ್ತಿದೆ ಅಂತಲೇ ತೋರಿಸಿತು. ಅದನ್ನು ಅವರೇ ಹೇಳಿದ್ದರು, ಈಗ ಡಬ್ಬಿಯೂ ಸಾಕ್ಷಿ ಹೇಳಿದಂತಾಯಿತು. ಇನ್ನು ಯಾಕೆ ಅಂತ ಹುಡುಕುವುದು ನನ್ನ ಕೆಲಸ.

ಇಂಜಿನ್ ಆರುವವರೆಗೂ ಕಾದು ರೇಡಿಯೇಟರ್ ಮುಚ್ಚಳ ತೆಗೆದೆ. ಮೂಗಿಗೆ ಬಂದ ವಾಸನೆ ಹೆಂಡದಂಗಡಿಯದು. ಒಳಗೆ ನೀರಿನ ಬದಲು ನೊರೆ ಎದ್ದ ಎಂಥದೋ ಬಿಳಿಯ ದ್ರವ. ಕೋಲು ಹಾಕಿ ಎಳೆದರೆ ಬೆಳ್ಳಗೆ ಮೆತ್ತಗೆ ಒಂದು ತುಣುಕು ಬಂತು. ಅಂಗೈಯಲ್ಲಿಟ್ಟು ನೋಡಿದೆ. ಅರಸೀಕೆರೆಯಲ್ಲಿ ಹುಟ್ಟಿದವನಿಗೆ ಎಳನೀರಿನ ಗಂಜಿ ಯಾವುದು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಯಜಮಾನರನ್ನು ಕರೆದು ಕೇಳಿದೆ. ಅವರು ಸ್ವಲ್ಪವೂ ನಾಚಿಕೊಳ್ಳದೆ ಒಪ್ಪಿಕೊಂಡರು. ಹೋದ ವಾರ ದಾರಿಯಲ್ಲಿ ನೀರು ಕಮ್ಮಿಯಾಗಿ ಗಾಡಿ ಬಿಸಿಯಾಯಿತಂತೆ. ಸುತ್ತ ಎಲ್ಲೂ ಬೋರ್‌ವೆಲ್ ಇಲ್ಲ, ಆದರೆ ಎರಡೂ ಕಡೆ ತೆಂಗಿನ ತೋಟ. ಮನುಷ್ಯನಿಗೆ ಉಷ್ಣವಾದರೆ ಏನು ಕೊಡುತ್ತೇವೆ? ಅದನ್ನೇ ಕೊಟ್ಟರಂತೆ. ಅದೂ ಕೈಗೆ ಸಿಕ್ಕಿದ ಕಾಯಿಯಲ್ಲ. ಗಂಜಿ ಕಟ್ಟದ, ಬರೀ ನೀರಿರುವ ಕಾಯಿಗಳನ್ನೇ ಆರಿಸಿ ಕೆಡವಿಸಿದ್ದಂತೆ.

"ಕಡೇದು ಒಂದು ಸ್ವಲ್ಪ ಬಲ್ತಿತ್ತೇನೋ" ಅಂತ ಮಾತ್ರ ವಿಷಾದಪಟ್ಟರು.

ಎಳನೀರಿನ ಸಕ್ಕರೆ ಇಂಜಿನ್ ಬಿಸಿಗೆ ಹುಳಿಯಾಗಿ, ಅಂಟಾಗಿ, ರೇಡಿಯೇಟರಿನ ಕೊಳವೆಗಳಿಗೆಲ್ಲ ಕಚ್ಚಿಕೊಂಡಿತ್ತು. ಅದನ್ನು ಬಿಚ್ಚಿ, ತೊಳೆದು, ಸರಿಯಾದ ಹಸಿರು ಕೂಲೆಂಟ್ ತುಂಬಿಸುವಷ್ಟರಲ್ಲಿ ಸಂಜೆಯಾಯಿತು. ಇಡೀ ಗ್ಯಾರೇಜ್ ಹೆಂಡ ನಾರುತ್ತಿತ್ತು. ರಸ್ತೆಯಲ್ಲಿ ಹೋಗುವವರು ನನ್ನ ಮುಖವನ್ನು ಒಂದು ಥರಾ ನೋಡಿಕೊಂಡು ಹೋದರು. ನಾನು ಯಜಮಾನರನ್ನು ಕೂರಿಸಿಕೊಂಡು, ಎಳನೀರು ತಂಪು ನಮಗೆ, ಕಬ್ಬಿಣಕ್ಕಲ್ಲ, ಇನ್ನು ಮೇಲೆ ಇದರೊಳಗೆ ಎಳನೀರು ಹಾಕಬೇಡಿ ಅಂತ ಬಿಡಿಸಿ ಹೇಳಿದೆ. ಅವರಿಗೆ ಅರ್ಥವಾಯಿತು, ತಲೆ ಆಡಿಸಿದರು.

ಗಾಡಿ ಹೊರಡುವಾಗ ಹಿಂದಿನ ಸೀಟಿನಿಂದ ಅವರ ಹೆಂಡತಿ ಗಂಡನಿಗೆ ಹೇಳುತ್ತಿದ್ದರು: "ನಾನವತ್ತೇ ಬಡ್ಕಂಡೆ, ಮಜ್ಜಿಗೆ ಹಾಕಿ ಅಂತ."

ಹದಿನಾರು ಹಲ್ಲು

ಬರೀ ಗಿರಾಕಿಗಳ ಕಥೆ ಹೇಳಿದರೆ ನನ್ನ ಬೆನ್ನು ನನಗೆ ಕಾಣುವುದಿಲ್ಲ ಅಂದಂತಾಗುತ್ತದೆ. ಇದು ನಮ್ಮ ಮನೆಯದೇ.

ಆಯುಧಪೂಜೆಯ ದಿನ ನಮ್ಮ ಗ್ಯಾರೇಜಿನಲ್ಲಿ ಸ್ಪ್ಯಾನರಿನಿಂದ ಹಿಡಿದು ಜಾಕ್‌ವರೆಗೆ ಎಲ್ಲಕ್ಕೂ ಪೂಜೆ. ಪೂಜೆ ನನ್ನ ಹೆಂಡತಿಯ ಇಲಾಖೆ. ನನಗೆ ಕಾಯಿ ಒಡೆಯುವುದೊಂದೇ ಕೆಲಸ. ಹೊಸ ಡಬ್ಬಿಗೆ ಮೊದಲ ವರ್ಷದ ಪೂಜೆ ಅಂತ ಅವಳು ಅದಕ್ಕೆ ಸೇವಂತಿಗೆ ಹಾರ ಹಾಕಿ ಮಧ್ಯದಲ್ಲಿ ಕೂರಿಸಿದ್ದಳು. ನೋಡಿ ನನಗೂ ಹೆಮ್ಮೆಯಾಯಿತು. ಕಡ್ಲೆಪುರಿ ಹಂಚಿ ಮನೆಗೆ ಹೋದೆವು.

ಹಬ್ಬ ಮುಗಿಸಿ ಬಾಗಿಲು ತೆಗೆದ ಬೆಳಿಗ್ಗೆ ಮೊದಲ ಕಾರು ಬಂತು. ಸ್ಕ್ಯಾನರ್ ಸಿಕ್ಕಿಸಿದೆ. ಕಂಪ್ಯೂಟರಿನಿಂದ ಉತ್ತರ ಇಲ್ಲ ಅಂತ ತೋರಿಸಿತು. ನಿಮ್ಮ ಗಾಡಿಯ ಕಂಪ್ಯೂಟರ್ ಹೋಗಿರಬಹುದು ಅಂತ ಅವರಿಗೆ ಹೇಳಿದೆ. ಅವರ ಮುಖ ಬಾಡಿತು. ಎರಡನೆಯ ಕಾರಿಗೂ ಹಾಗೇ. ಅವರಿಗೂ ಅದನ್ನೇ ಹೇಳಿದೆ. ಮೂರನೆಯದು ಶಾಲಾ ಮೇಷ್ಟರದು, ಅದೂ ಮಾತಾಡಲಿಲ್ಲ. ಒಂದೇ ಬೆಳಿಗ್ಗೆ ಅರಸೀಕೆರೆಯ ಕಾರುಗಳೆಲ್ಲ ಒಟ್ಟಿಗೆ ಮೂಕವಾಗಲು ಸಾಧ್ಯವಿಲ್ಲ ಅನ್ನುವಷ್ಟು ಬುದ್ಧಿ ಮೂರನೆಯದಕ್ಕಾದರೂ ಬಂತಲ್ಲ ಅನ್ನುವುದೇ ಸಮಾಧಾನ.

ವೈರಿನ ತುದಿಯ ಪ್ಲಗ್ ಬೆಳಕಿಗೆ ಹಿಡಿದು ನೋಡಿದೆ. ಅದರೊಳಗೆ ಸಣ್ಣ ಸಣ್ಣ ಹದಿನಾರು ಪಿನ್ನು. ಪ್ರತಿಯೊಂದಕ್ಕೂ ಅಚ್ಚುಕಟ್ಟಾಗಿ ಅರಿಶಿನ ಬಳಿದು, ತುದಿಗೆ ಕುಂಕುಮದ ಬೊಟ್ಟು ಇಟ್ಟಿತ್ತು. ಒಣಗಿ ಗಟ್ಟಿಯಾಗಿತ್ತು. ಕರೆಂಟು ಹಾಯುವುದೆಲ್ಲಿಂದ ಬಂತು?

ಕಾರಿನ ಯಜಮಾನರಿಬ್ಬರನ್ನೂ ಹುಡುಕಿಸಿ ಕರೆತಂದು ಕ್ಷಮೆ ಕೇಳಿ, ಮೇಷ್ಟರಿಗೆ ಕಾಫಿ ಕೊಡಿಸಿ, ಹಲ್ಲುಜ್ಜುವ ಬ್ರಷ್ಷಿನಿಂದ ಅರ್ಧ ದಿನ ಪಿನ್ನು ಉಜ್ಜಿದೆ. ಮನೆಗೆ ಹೋಗಿ, ಅದರೊಳಕ್ಕೆ ಯಾಕೆ ಹಚ್ಚಿದೆ ಅಂತ ಸ್ವಲ್ಪ ಜೋರಾಗಿಯೇ ಕೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದವಳು ತಲೆಯನ್ನೂ ಎತ್ತಲಿಲ್ಲ.

"ಸ್ಪ್ಯಾನರ್‌ಗೆಲ್ಲ ಒಂದೊಂದು ಇಟ್ಟೆ. ಇದರಲ್ಲಿ ಹದಿನಾರು ಹಲ್ಲಿದ್ವು. ಒಂದಕ್ಕಿಟ್ಟು ಒಂದಕ್ಕೆ ಬಿಟ್ರೆ ಚೆನ್ನಾಗಿರುತ್ತಾ?"

ಮರುದಿನ ಟೀ ಜೊತೆ ಎದುರುಗಡೆಯ ಸಂದೇಶವೂ ಬಂತು. ಮೇಸ್ತ್ರಿ ಈ ಒಂದು ವಿಷಯದಲ್ಲಿ ಡಬ್ಬಿಯನ್ನು ಮೆಚ್ಚಿಕೊಂಡರಂತೆ: ಹೆಂಗಸರು ಅರಿಶಿನ ಕುಂಕುಮ ಕೊಟ್ಟಾಗ ಬಾಯಿ ಮುಚ್ಕೊಂಡಿರಬೇಕು ಅಂತ ಅದಕ್ಕಾದರೂ ಗೊತ್ತಲ್ಲ.

ಬೆಳಿಗ್ಗೆ ಒಬ್ಬರು, ಸಂಜೆ ಒಬ್ಬರು

ಗೆಂಡೆಹಳ್ಳಿಯಿಂದ ಒಬ್ಬರು ಬೆಳಿಗ್ಗೆಯೇ ಬಂದು, ಕಾರಿನ ಹಳದಿ ದೀಪ ಆರಿಸಿಕೊಡಬೇಕು, ರಿಪೇರಿ ಸದ್ಯಕ್ಕೆ ಬೇಡ, ನೆಂಟರ ಮದುವೆಗೆ ಹೋಗಬೇಕು, ಎಲ್ಲರ ಮುಂದೆ ದೀಪ ಉರಿಯುತ್ತಿದ್ದರೆ ಮರ್ಯಾದೆಯಲ್ಲ ಅಂದರು. ಕೋಡ್ ಅಳಿಸಿದರೆ ದೀಪ ಆರುತ್ತದೆ. ಆದರೆ ಕಾಯಿಲೆ ವಾಸಿಯಾಗುವುದಿಲ್ಲ, ನಾಲ್ಕು ದಿನಕ್ಕೆ ಮತ್ತೆ ಹತ್ತುತ್ತದೆ. ಅದನ್ನು ಹೇಳಿಯೇ ಅಳಿಸಿಕೊಟ್ಟೆ. ಮದುವೆ ಅಂದರೆ ಇಲ್ಲ ಅನ್ನಲಾಗಲಿಲ್ಲ.

ಸಂಜೆ ಅದೇ ಕಾರು ಮತ್ತೆ ಬಂತು. ಈ ಸಲ ಓಡಿಸುತ್ತಿದ್ದವರು ಬೇರೆ. ಬೆಳಿಗ್ಗೆಯವರು ಪಕ್ಕದಲ್ಲಿ ಮುದುಡಿ ಕೂತಿದ್ದರು. ಓಡಿಸುತ್ತಿದ್ದವರು ಇಳಿದು, ಈ ಗಾಡಿ ಕೊಳ್ಳುತ್ತಿದ್ದೇನೆ, ನಿಮ್ಮ ಯಂತ್ರ ಸುಳ್ಳು ಹೇಳಲ್ಲವಂತೆ, ನೋಡಿ ಹೇಳಿ ಅಂದರು. ನನ್ನ ಹತ್ತಿರಕ್ಕೇ ಕರೆತರುತ್ತಾರೆ ಅಂತ ಬೆಳಿಗ್ಗೆಯವರಿಗೆ ಗೊತ್ತಿರಲಿಲ್ಲ. ಕೊಳ್ಳುವವರು ಯಾವುದಾದರೂ ಗ್ಯಾರೇಜಿಗೆ ಹೋಗೋಣ ಅಂದಿದ್ದರಂತೆ. ತಾಲ್ಲೂಕಿನಲ್ಲಿರುವ ಅಷ್ಟೂ ಗ್ಯಾರೇಜಿನಲ್ಲಿ ನನ್ನದೇ ಸಿಗಬೇಕೆ?

ಸಿಕ್ಕಿಸಿ ನೋಡಿದೆ. ಕೋಡ್ ಇರಲಿಲ್ಲ. ಆದರೆ ಅಳಿಸಿದ ಮೇಲೆ ಗಾಡಿಯ ಕಂಪ್ಯೂಟರ್ ತನ್ನ ತಪಾಸಣೆಯನ್ನು ಹೊಸದಾಗಿ ಶುರುಮಾಡುತ್ತದೆ. ತಪಾಸಣೆ ಇನ್ನೂ ಮುಗಿದಿಲ್ಲ ಅಂತ ಪರದೆಯ ಮೇಲೆ ಬರುತ್ತದೆ. ಸುಮ್ಮನೆ ಎಲ್ಲ ಸರಿ ಇದೆ ಅಂದಿದ್ದರೆ ನಡೆಯುತ್ತಿತ್ತು. ಆದರೆ ಎದುರಿನ ಗ್ಯಾರೇಜಿನಲ್ಲಿ ಹನ್ನೊಂದು ವರ್ಷದಲ್ಲಿ ನಾನು ಕಲಿತದ್ದರಲ್ಲಿ ಸುಳ್ಳು ಹೇಳುವುದೊಂದು ಸೇರಿರಲಿಲ್ಲ. ಇವತ್ತು ಬೆಳಿಗ್ಗೆ ಯಾರೋ ಇದರ ಕೋಡ್ ಅಳಿಸಿದ್ದಾರೆ ಅಂದೆ. ಕೊಳ್ಳುವವರು ಕೆಂಡವಾಗಿ, ಯಾವ ಕಳ್ಳ ಅಳಿಸಿದ್ದು ಅಂತ ಕೇಳಿದರು. ನಾನೇ ಅಂದೆ. ಯಾಕೆ ಅಳಿಸಿದೆ, ಏನು ಕೋಡ್ ಇತ್ತು, ಏನು ರಿಪೇರಿ ಬೇಕು ಎಲ್ಲ ಹೇಳಿದೆ. ಅವರು ಆ ರಿಪೇರಿ ಮಾಡಿಸಿಕೊಟ್ಟರೆ ಗಾಡಿ ತಗೊಳ್ಳುತ್ತೇನೆ ಅಂತ ಒಪ್ಪಿಕೊಂಡರು. ವ್ಯಾಪಾರವೂ ಕೆಡಲಿಲ್ಲ, ನನ್ನ ಹೆಸರೂ ಉಳಿಯಿತು.

ಗೆಂಡೆಹಳ್ಳಿಯವರು ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು ಬಹಳ ನೊಂದು ಹೇಳಿದರು: "ಅಳಿಸ್ತೀನಿ ಅಂದ್ರಿ. ಅಳಿಸೋದು ಅಂದ್ಮೇಲೆ ನಿಮ್ಮ ತಲೆಯಿಂದ್ಲೂ ಅಳಿಸ್ಬೇಕಲ್ವಾ ಸಾಮಿ?"

ಮೂಲಪ್ರತಿ

ಬೇಲೂರಿನಲ್ಲಿ ಒಬ್ಬರು ನಿವೃತ್ತ ಗುಮಾಸ್ತರಿದ್ದರು. ಯಾವ ಕಚೇರಿ ಅಂತ ಬೇಡ, ದಾಖಲೆಗಳ ಕಚೇರಿ ಅಂದರೆ ಸಾಕು. ಮೂವತ್ತು ವರ್ಷ ಒಂದೇ ಕಿಟಕಿಯ ಹಿಂದೆ ಕೂತು, ಬಂದವರಿಗೆಲ್ಲ "ಜೆರಾಕ್ಸ್ ಆಗಲ್ಲ, ಒರಿಜಿನಲ್ ತನ್ನಿ, ನಾಳೆ ಬನ್ನಿ" ಅಂತ ಹೇಳಿ ಹೇಳಿ ಆ ಮೂರು ಮಾತು ಅವರ ಮುಖದಲ್ಲೇ ಅಚ್ಚಾಗಿತ್ತು. ನಮ್ಮ ಮೇಸ್ತ್ರಿಯೂ ಹಿಂದೊಮ್ಮೆ ತಮ್ಮ ಹೆಂಡತಿಯ ತವರಿನ ಜಮೀನಿನ ಕಾಗದಕ್ಕೆ ಆ ಕಿಟಕಿಗೆ ಅರಸೀಕೆರೆಯಿಂದ ನಾಲ್ಕು ಸಲ ಬಸ್ಸಿನಲ್ಲಿ ಹೋಗಿ, ನಾಲ್ಕು ಸಲವೂ ವಾಪಸ್ ಬಂದಿದ್ದರು.

ಗುಮಾಸ್ತರು ನಿವೃತ್ತಿಯಾಗಿ ಹೊಸ ಕಾರು ಕೊಂಡರು. ಮೊದಲ ವಾರ ಚೆನ್ನಾಗಿ ಓಡಿತು. ಶನಿವಾರ ಸಂಜೆ ನೋಡಿದರೆ ಸ್ಟಾರ್ಟ್ ಆಗಲಿಲ್ಲ. ಭಾನುವಾರ ಮಧ್ಯಾಹ್ನ ಹೆಂಡತಿಯ ಕಡೆಯವರನ್ನು ಹಳೇಬೀಡಿಗೆ ಕರೆದೊಯ್ಯುತ್ತೇನೆ ಅಂತ ಹೇಳಿಬಿಟ್ಟಿದ್ದರು. ಎಲ್ಲ ಕೆಲಸಕ್ಕೂ ಒಂದಕ್ಕೆರಡು ಇರಬೇಕು ಅನ್ನುವ ಮನುಷ್ಯ. ಶನಿವಾರವೇ ಅರಸೀಕೆರೆಗೆ ಎರಡು ಫೋನ್ ಮಾಡಿದರು, ಒಂದು ಮೇಸ್ತ್ರಿಗೆ, ಇನ್ನೊಂದು ನನಗೆ. ಇಬ್ಬರಿಗೂ ಇನ್ನೊಬ್ಬರಿಗೆ ಹೇಳಿರುವುದನ್ನು ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಬೇಲೂರು ಬಸ್ಸು ಹತ್ತಿದೆ. ಖಾಲಿ ಇದ್ದದ್ದು ಒಂದೇ ಸೀಟು. ಅದರ ಪಕ್ಕ ಕಿಟಕಿಯ ಹತ್ತಿರ ಸ್ಕ್ರೂಡ್ರೈವರ್ ಹಿಡಿದು ಮೇಸ್ತ್ರಿ ಕೂತಿದ್ದರು. ನಾನು ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು ಕೂತೆ. ಅವರು ಕಿಟಕಿಯ ಹೊರಗೆ ನೋಡಿದರು. ಜಾವಗಲ್ ಬಂತು, ಹೋಯಿತು. ಹಳೇಬೀಡು ಬಂತು, ಹೋಯಿತು. ಟೀ ಅಂಗಡಿಯವರು ಜೊತೆಯಲ್ಲಿ ಇಲ್ಲವಾದ್ದರಿಂದ ಇಬ್ಬರೂ ಮಾತಾಡಲಿಲ್ಲ. ಬೇಲೂರಿನಲ್ಲಿ ಇಳಿದು ಒಂದೇ ಮನೆಯ ಕಡೆ ನಡೆಯುತ್ತಿದ್ದೇವೆ ಅಂತ ಗೊತ್ತಾದಾಗ ಅವರು ಹೆಜ್ಜೆ ಜೋರು ಮಾಡಿದರು. ನಾನೂ ಜೋರು ಮಾಡಿದೆ. ಗೇಟಿನ ಹತ್ತಿರ ಇಬ್ಬರೂ ಒಟ್ಟಿಗೇ ತಲುಪಿದೆವು.

ಮನೆಯ ಅಂಗಳದಲ್ಲಿ ನೆಂಟರೆಲ್ಲ ಹೊರಡಲು ಸಿದ್ಧವಾಗಿ ಕೂತಿದ್ದರು. ಕಾರಿಗೆ ಇನ್ನೂ ಹೂವಿನ ಹಾರ ಇತ್ತು. ಹಿರಿಯರು ಅಂತ ನಾನು ಹಿಂದೆ ಸರಿದು ನಿಂತೆ. ಅವರು ಸರಿಮಾಡಿಬಿಟ್ಟರೆ ನನ್ನ ಡಬ್ಬಿಯ ಕಥೆ ಅಲ್ಲಿಗೆ ಮುಗಿಯಿತು. ಅವರಿಂದ ಆಗದೆ ನನ್ನಿಂದ ಆದರೆ ಆ ಮನುಷ್ಯ ಇನ್ನು ಜನ್ಮದಲ್ಲಿ ನನ್ನ ಮುಖ ನೋಡುವುದಿಲ್ಲ. ಎರಡರಲ್ಲಿ ಯಾವುದಾದರೂ ನನಗೆ ನಷ್ಟವೇ.

ಮೇಸ್ತ್ರಿ ಬಾನೆಟ್ ಎತ್ತಿಸಿ, ಕೀ ತಿರುಗಿಸಲು ಹೇಳಿ, ಸ್ಕ್ರೂಡ್ರೈವರ್ ಕಿವಿಗೆ ಇಟ್ಟರು. ಸ್ಟಾರ್ಟರ್ ಚೆನ್ನಾಗಿ ತಿರುಗುತ್ತಿತ್ತು, ಇಂಜಿನ್ ಹಿಡಿಯುತ್ತಿರಲಿಲ್ಲ. ಮೂರು ಸಲ ಕೇಳಿದರು. ಆಮೇಲೆ ನೆಟ್ಟಗೆ ನಿಂತು ಗುಮಾಸ್ತರಿಗೆ, "ಇದರ ಒಳಗೆ ಏನೂ ಕೆಟ್ಟಿಲ್ಲ ಸಾರ್. ಯಾರೋ ಬೇಕು ಅಂತ್ಲೇ ಹಿಡ್ದು ನಿಲ್ಸವ್ರೆ" ಅಂದರು. ಯಾರು ಅಂತ ಗುಮಾಸ್ತರು ಕೇಳಿದರು. ಅದನ್ನು ಮಾತ್ರ ಕಿವಿ ಹೇಳಲಿಲ್ಲ. ಮೇಸ್ತ್ರಿ ಪಕ್ಕಕ್ಕೆ ಸರಿದು, ಒರೆಸುವ ಬಟ್ಟೆ ಹುಡುಕುವವರ ಹಾಗೆ ನನಗೆ ದಾರಿ ಬಿಟ್ಟರು.

ನಾನು ಸಿಕ್ಕಿಸಿದೆ. ಒಂದೇ ಒಂದು ಕೋಡ್ ಬಂತು. ಬೀಗದ ಕೈಯ ಗುರುತು ಸಿಗುತ್ತಿಲ್ಲ ಅಂತ ಇತ್ತು. ಆಗ ಬರುತ್ತಿದ್ದ ಕೆಲವು ಹೊಸ ಕಾರುಗಳ ಕೀ ಹಿಡಿಯೊಳಗೆ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಚಿಪ್ ಇರುತ್ತದೆ. ಕಾರು ಆ ಚಿಪ್ಪನ್ನು ಗುರುತು ಹಿಡಿದರೆ ಮಾತ್ರ ಇಂಜಿನ್ನಿಗೆ ಅಪ್ಪಣೆ ಕೊಡುತ್ತದೆ, ಇಲ್ಲದಿದ್ದರೆ ಕಳ್ಳ ಅಂತ ತಿಳಿದು ತಡೆದು ನಿಲ್ಲಿಸುತ್ತದೆ. ಮೇಸ್ತ್ರಿಯ ಕಿವಿ ಹೇಳಿದ್ದು ಅಕ್ಷರಕ್ಕೆ ಅಕ್ಷರ ಸರಿಯಾಗಿತ್ತು. ಅದನ್ನು ಎಲ್ಲರಿಗೂ ಕೇಳುವಂತೆ ಹೇಳಿದೆ: ಮೇಸ್ತ್ರಿ ಹೇಳಿದ್ದನ್ನೇ ಡಬ್ಬಿಯೂ ಹೇಳುತ್ತಿದೆ. ಮೇಸ್ತ್ರಿ ಮೊದಲ ಸಲ ನನ್ನ ಕಡೆ ನೋಡಿದರು.

ಗುಮಾಸ್ತರ ಕೈಯಿಂದ ಕೀ ಇಸಕೊಂಡು ನೋಡಿದೆ. ಹಿತ್ತಾಳೆಯ ಫಳಫಳ ಹೊಸ ಕೀ. ಇದು ಕಾರಿನ ಜೊತೆ ಬಂದದ್ದಲ್ಲವಲ್ಲ ಅಂದೆ.

ಗುಮಾಸ್ತರು ಹೆಮ್ಮೆಯಿಂದ ವಿವರಿಸಿದರು. ಒರಿಜಿನಲ್ ಕೀ ಯಾರಾದರೂ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಾರಾ? ಶನಿವಾರ ಬೆಳಿಗ್ಗೆ ಬಸ್ ನಿಲ್ದಾಣದ ಹತ್ತಿರ ಕೀ ಮಾಡುವವರ ಹತ್ತಿರ ಒಂದು ಕಾಪಿ ಮಾಡಿಸಿದರಂತೆ. ಪಕ್ಕಪಕ್ಕ ಇಟ್ಟು ಹಲ್ಲು ಹಲ್ಲಿಗೂ ತಾಳೆ ನೋಡಿ, ಬಾಗಿಲು ತೆಗೆದು ಹಾಕಿ ಪರೀಕ್ಷಿಸಿದರಂತೆ. ಆಮೇಲೆ ಕಾರಿನ ಜೊತೆ ಬಂದಿದ್ದ ಎರಡೂ ಕೀಗಳನ್ನು ಮನೆಪತ್ರದ ಜೊತೆ ಒಂದು ಕವರಿನಲ್ಲಿ ಹಾಕಿ, ಮೇಲೆ ವಿವರ ಬರೆದು, ಬ್ಯಾಂಕು ಅರ್ಧ ದಿನಕ್ಕೆ ಮುಚ್ಚುವ ಮೊದಲೇ ಹೋಗಿ ಲಾಕರಿನಲ್ಲಿಟ್ಟು ಬಂದರಂತೆ.

ಅವತ್ತು ಭಾನುವಾರ.

ನಾನು ಚಿಪ್ಪಿನ ವಿಷಯ ತಿಳಿಸಿ ಹೇಳಿದೆ. ಗುಮಾಸ್ತರಿಗೆ ಕಾರಿನ ನಡವಳಿಕೆ ಸರಿ ಕಾಣಲಿಲ್ಲ. ಈ ಕೀ ಅದಕ್ಕೆ ತದ್ವತ್ತಾಗಿದೆ, ತಾಳೆ ನೋಡಿದವನು ನಾನೇ, ನಿಮ್ಮ ಯಂತ್ರದಲ್ಲಿ ಹಾಗಂತ ನಮೂದಿಸಿದರೆ ಆಗುವುದಿಲ್ಲವಾ ಅಂತ ಕೇಳಿದರು. ಆಗಲ್ಲ ಸಾರ್ ಅಂದೆ. ಬೇಕಾದರೆ ನಿಜಪ್ರತಿ ಅಂತ ಬರೆದು ಸಹಿ ಹಾಕಿಕೊಡುತ್ತೇನೆ ಅಂದರು.

ಮೇಸ್ತ್ರಿ ನಿಧಾನವಾಗಿ ಮುಂದೆ ಬಂದರು. ಗುಮಾಸ್ತರ ಕೈಗೆ ಆ ಹಿತ್ತಾಳೆ ಕೀಯನ್ನು ವಾಪಸ್ ಇಟ್ಟರು. ಕಾರಿನ ಕಿಟಕಿಯ ಮೇಲೆ ಮೊಣಕೈ ಊರಿ, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದ ಹಾಗೆ ಹೇಳಿದರು.

"ಜೆರಾಕ್ಸ್ ಆಗಲ್ಲ ಸಾರ್. ಒರಿಜಿನಲ್ ತನ್ನಿ. ನಾಳೆ ಬನ್ನಿ."

ಮೊದಲು ನಕ್ಕವರು ಗುಮಾಸ್ತರ ಹೆಂಡತಿ. ಆಮೇಲೆ ನೆಂಟರಿಷ್ಟರೆಲ್ಲ ನಗಲು ಶುರುಮಾಡಿದರು. ಕಡೆಗೆ ಗುಮಾಸ್ತರಿಗೂ ತಡೆಯಲಾಗಲಿಲ್ಲ. ಒಳಗೆ ಕರೆದು ಊಟ ಹಾಕಿಸಿದರು. ಹಳೇಬೀಡಿಗೆ ನೆಂಟರೆಲ್ಲ ನಮ್ಮ ಬಸ್ಸಿನಲ್ಲೇ ಹೊರಟರು.

ವಾಪಸ್ ಬರುವಾಗ ಬಸ್ಸು ತುಂಬಿತ್ತು. ಮೇಸ್ತ್ರಿಗೆ ಸೀಟು ಸಿಕ್ಕಿತು, ನಾನು ಕಂಬಿ ಹಿಡಿದು ನಿಂತಿದ್ದೆ. ಸ್ವಲ್ಪ ದೂರ ಹೋದ ಮೇಲೆ, ನನ್ನ ಮುಖ ನೋಡದೆಯೇ, "ಡಬ್ಬಿ ಇತ್ಲಾಗ್ ಕೊಡ್ಲಾ, ಎಲ್ಲಾದ್ರೂ ಬೀಳಿಸ್ಗೀಳ್ಸೀಯ" ಅಂದು ಇಸಕೊಂಡು ತೊಡೆಯ ಮೇಲೆ ಇಟ್ಟುಕೊಂಡರು. ಪಕ್ಕದ ಸೀಟಿನಲ್ಲಿದ್ದ ರೈತರೊಬ್ಬರು ಅದೇನು ಅಂತ ಕೇಳಿದರು. ಕಾರಿನ ಕಾಯಿಲೆ ಹೇಳುವ ಯಂತ್ರ, ಎಂಥ ಗಾಡಿಯಾದರೂ ಸಿಕ್ಕಿಸಿದರೆ ಸಾಕು, ಹೇಳಿಬಿಡುತ್ತದೆ ಅಂತ ಮೇಸ್ತ್ರಿ ತಾವೇ ತಯಾರಿಸಿದವರ ಹಾಗೆ ವಿವರಿಸತೊಡಗಿದರು. ಆಮೇಲೆ ನನ್ನ ಕಡೆ ಗದ್ದ ತೋರಿಸಿ, "ನಾನೇ ಕಲ್ಸಿದ್ದು" ಅಂದರು.

ರೈತರು ನನ್ನನ್ನೂ ನೋಡಿ, ಡಬ್ಬಿಯನ್ನೂ ನೋಡಿ, "ಯಾರ್ಗೆ, ಇವ್ರಿಗಾ?" ಅಂತ ಕೇಳಿದರು.

"ಇಬ್ರಿಗೂ" ಅಂದರು ಮೇಸ್ತ್ರಿ.